ಪ್ರತಿ ವರ್ಷ ಬರುವ ಹಸಿವು ತುರ್ತು ಹೇಗಾಗುತ್ತದೆ? ಇಥಿಯೋಪಿಯಾದ ಉದ್ದನೆಯ ಚೌಕಾಸಿ

1990ರ ದಶಕದಲ್ಲಿ ಇಥಿಯೋಪಿಯಾ ಸರ್ಕಾರಕ್ಕೆ ವರ್ಷಕ್ಕೊಮ್ಮೆ ತಪ್ಪದ ಒಂದು ಕೆಲಸವಿತ್ತು. ಮುಖ್ಯ ಬೆಳೆಯ ಅಂದಾಜು ಸಿಕ್ಕ ಮೇಲೆ, ಈ ಸಲ ಎಷ್ಟು ಜನಕ್ಕೆ ಕಾಳು ಸಾಲುವುದಿಲ್ಲ ಎಂದು ಲೆಕ್ಕ ಹಾಕುವುದು. ಆ ಲೆಕ್ಕ ಮುಂದಿಟ್ಟು ಹೊರದೇಶಗಳಲ್ಲಿ ತುರ್ತು ನೆರವು ಕೇಳುವುದು. ಅವರು ಒಪ್ಪಬೇಕು, ಗೋಧಿ ಖರೀದಿಯಾಗಬೇಕು, ಹಡಗು ಬರಬೇಕು, ಬಂದರಿನಿಂದ ಲಾರಿ ಗುಡ್ಡ ಹತ್ತಬೇಕು. ಮೂಟೆ ಹಳ್ಳಿ ಮುಟ್ಟುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಎತ್ತು ಮಾರಿ ಆಗಿರುತ್ತಿತ್ತು. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ವಿಚಿತ್ರ ಏನೆಂದರೆ, ಬೆಂಕಿ ಬೀಳುವುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಸರಾಸರಿ ವರ್ಷಕ್ಕೆ 50 ಲಕ್ಷದಷ್ಟು ಜನ ಈ ಪಟ್ಟಿಯಲ್ಲಿರುತ್ತಿದ್ದರು. ಮಳೆ ಚೆನ್ನಾಗಿ ಆದ ವರ್ಷವೂ ಲಕ್ಷಾಂತರ ಜನ ಅಲ್ಲೇ ಉಳಿಯುತ್ತಿದ್ದರು. ಅದೇ ಗುಡ್ಡಗಾಡು, ಅದೇ ತುಂಡು ಹೊಲ, ಅದೇ ಕೊಚ್ಚಿಹೋದ ಮಣ್ಣು. ಪ್ರತಿ ವರ್ಷ ಬರುವುದನ್ನು ತುರ್ತು ಎನ್ನುತ್ತಾರಾ? ಎನ್ನಲೇಬೇಕಿತ್ತು, ಏಕೆಂದರೆ ಆ ಹೆಸರಿಗೆ ಮಾತ್ರ ದುಡ್ಡು ಬೇಗ ಬಿಚ್ಚುತ್ತಿತ್ತು.

ಇದರ ಬೇರು ಹಳೆಯದು. 1973ರಲ್ಲಿ ಉತ್ತರದ ವೊಲ್ಲೊ ಪ್ರಾಂತ್ಯದ ಬರವನ್ನು ಮುಚ್ಚಿಟ್ಟ ಅಪವಾದ ಚಕ್ರವರ್ತಿ ಹೈಲೆ ಸೆಲಾಸಿಯ ಪದಚ್ಯುತಿಗೆ ಒಂದು ಕಾರಣವಾಯಿತು. 1974ರಲ್ಲಿ ಬಂದ ಸೈನಿಕ ಆಡಳಿತ ಸೋವಿಯತ್ ಕಡೆ ವಾಲಿತು. 1984ರ ಅಕ್ಟೋಬರ್‌ನಲ್ಲಿ ಮತ್ತೊಂದು ಕ್ಷಾಮಕ್ಕೆ ಸಿಕ್ಕವರಿದ್ದ ಕೊರೆಮ್ ಶಿಬಿರದ ದೃಶ್ಯಗಳು ಬಿಬಿಸಿಯಲ್ಲಿ ಬಂದವು, ಜಗತ್ತಿನ ಮನ ಕಲಕಿತು, ಕಾಳು ಹರಿದುಬಂತು. ಆದರೆ ಷರತ್ತಿನ ಮೇಲೆ. ಅಮೆರಿಕ, ಬ್ರಿಟನ್ ಪ್ರಾಣ ಉಳಿಸಲು ಕೊಡುತ್ತೇವೆ ಎಂದವು. ಆ ಸರ್ಕಾರದ ಕೈಗೆ ಅಭಿವೃದ್ಧಿ ನೆರವು ಕೊಡಲು ಮಾತ್ರ ಮನಸ್ಸು ಮಾಡಲಿಲ್ಲ. ಹೊಟ್ಟೆಗೆ ಕೊಡಬಹುದು, ಹೊಲಕ್ಕೆ ಕೊಡಬಾರದು! ಪರಿಹಾರಕ್ಕೂ ಅಭಿವೃದ್ಧಿಗೂ ನಡುವಿನ ಗೆರೆಯನ್ನು ಎಳೆದಿದ್ದು ಬರೀ ಹಸಿವಿನ ಸ್ವರೂಪ ಅಲ್ಲ, ಶೀತಲ ಸಮರದ ರಾಜಕೀಯವೂ ಹೌದು.

1991ರಲ್ಲಿ ಆ ಆಡಳಿತ ಬಿತ್ತು. ಮೆಲೆಸ್ ಜೆನಾವಿ ನೇತೃತ್ವದ ಹೊಸ ಸರ್ಕಾರ 1993ರಲ್ಲಿ ಒಂದು ನೀತಿ ತಂದಿತು: ಮೈಯಲ್ಲಿ ಕಸುವಿರುವವರಿಗೆ ಸುಮ್ನೆ ಕಾಳು ಕೊಡುವುದು ಬೇಡ, ಕೆಲಸ ಮಾಡಿಸಿ ಕೊಡೋಣ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಕಾಳು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಅಂತ ಗೊತ್ತಿಲ್ಲದೆ ಯಾವ ಎಂಜಿನಿಯರ್ ತಾನೇ ಒಡ್ಡಿನ ಯೋಜನೆ ಹಾಕುತ್ತಾನೆ?

2002–03ರ ಬರದಲ್ಲಿ ಪಟ್ಟಿ 1.3 ಕೋಟಿ ದಾಟಿತು. ಈ ಸಲ ನೆರವು ದೊಡ್ಡ ಮಟ್ಟದಲ್ಲಿ ಬಂತು, 1984ರಂಥ ಸಾವು ತಪ್ಪಿತು. ಆದರೆ ಎರಡೂ ಕಡೆ ಸುಸ್ತಾಗಿತ್ತು. ಸರ್ಕಾರಕ್ಕೆ ಭಿಕ್ಷೆಯ ಪಾತ್ರೆ ಹಿಡಿದ ದೇಶ ಎಂಬ ಹೆಸರು ಬೇಡವಾಗಿತ್ತು. ಕೊಡುವವರಿಗೆ, ಇಷ್ಟೆಲ್ಲ ಸುರಿದರೂ ಮುಂದಿನ ವರ್ಷ ಅದೇ ಮನವಿ ಬರುತ್ತದಲ್ಲ ಎಂಬ ಬೇಸರ.

ಮಾತುಕತೆ ಶುರುವಾಗಿದ್ದು ಆಗ. ಸುಲಭವಾಗಿರಲಿಲ್ಲ. ಜನ ನೆರವಿಗೇ ಒಗ್ಗಿಹೋಗುತ್ತಾರೆ ಎನ್ನುವುದು ಸರ್ಕಾರದ ಭಯ. ಕೆಲಸ ಆಗಲಿ, ಆಸ್ತಿ ನಿರ್ಮಾಣವಾಗಲಿ, ಕೆಲವೇ ವರ್ಷಗಳಲ್ಲಿ ಎಲ್ಲರೂ ಪಟ್ಟಿಯಿಂದ ಹೊರಬೀಳಲಿ ಎಂದು ಅದು ಪಟ್ಟು ಹಿಡಿಯಿತು. ದಾನಿಗಳಿಗೆ ಮೊದಲು ಹೊಟ್ಟೆ ತುಂಬಬೇಕಿತ್ತು. ಅವರೊಳಗೂ ಒಮ್ಮತವಿರಲಿಲ್ಲ. ಬ್ರಿಟನ್, ಯುರೋಪಿಯನ್ ಒಕ್ಕೂಟ ನಗದಿನ ಪರ. ಅಮೆರಿಕ ಕೊಡುತ್ತಿದ್ದದ್ದು ಹೆಚ್ಚಾಗಿ ತನ್ನ ರೈತರು ಬೆಳೆದ ಕಾಳು. ಅದರ ಕಾನೂನು ಪಿಎಲ್-480, ನಮ್ಮ ಹಿರಿಯರು ಅರವತ್ತರ ದಶಕದಲ್ಲಿ ಉಂಡ ಅಮೆರಿಕದ ಗೋಧಿ ಬಂದದ್ದೂ ಅದೇ ಕಾನೂನಿನಲ್ಲಿ. ಇನ್ನು ಅಧಿಕಾರದ ಪ್ರಶ್ನೆ. ವರ್ಷಗಳಿಂದ ಕಾಳು ಹಂಚುತ್ತಿದ್ದ ಪರಿಹಾರ ಇಲಾಖೆಯಿಂದ ಹೊಸ ಯೋಜನೆ ಕೃಷಿ ಇಲಾಖೆಯ ಕಡೆಗೆ ಹೋಗಬೇಕಿತ್ತು. ಕೈಯಲ್ಲಿರುವ ಗೋದಾಮನ್ನು ಯಾವ ಇಲಾಖೆ ಖುಷಿಯಿಂದ ಬಿಟ್ಟುಕೊಡುತ್ತದೆ, ಹೇಳಿ.

ಕೊನೆಗೆ 2005ರ ಜನವರಿಯಲ್ಲಿ ಪಿಎಸ್‌ಎನ್‌ಪಿ (ಪ್ರೊಡಕ್ಟಿವ್ ಸೇಫ್ಟಿ ನೆಟ್ ಪ್ರೋಗ್ರಾಂ, ಅಂದರೆ ಉತ್ಪಾದಕ ಸುರಕ್ಷಾ ಜಾಲ) ಎಂಬ ಯೋಜನೆ ಶುರುವಾಯಿತು. ಸುಮಾರು 50 ಲಕ್ಷ ಜನ ತುರ್ತು ಮನವಿಯ ಪಟ್ಟಿಯಿಂದ ಇದಕ್ಕೆ ಬಂದರು. ಮರುವರ್ಷ ಸಂಖ್ಯೆ 70 ಲಕ್ಷ ದಾಟಿತು. ದೊಡ್ಡ ಬದಲಾವಣೆ ಅಂದರೆ ದಾನಿಗಳು ಒಂದೊಂದು ವರ್ಷಕ್ಕಲ್ಲ, ಹಲವು ವರ್ಷಗಳಿಗೆ ಒಟ್ಟಾಗಿ ಮಾತು ಕೊಟ್ಟರು.

ಹಳ್ಳಿಯಲ್ಲಿ ಅದು ನಡೆಯುತ್ತಿದ್ದದ್ದು ಹೀಗೆ. ಊರಿನ ಸಮಿತಿ ಬಡ ಮನೆಗಳನ್ನು ಗುರುತಿಸುತ್ತದೆ. ಮನೆಯ ಪ್ರತಿ ತಲೆಗೆ ತಿಂಗಳಿಗೆ 5 ದಿನದ ಕೆಲಸದ ಲೆಕ್ಕ, ವರ್ಷದಲ್ಲಿ 6 ತಿಂಗಳು. ಗುಡ್ಡದ ಇಳಿಜಾರಿಗೆ ಕಲ್ಲಿನ ಒಡ್ಡು ಕಟ್ಟುವುದು, ಹೊಂಡ ತೋಡುವುದು, ಊರಿಗೆ ದಾರಿ ಮಾಡುವುದು. ದಿನಗೂಲಿ ಅಲ್ಲಿನ ಹಣದಲ್ಲಿ 6 ಬಿರ್ ಅಥವಾ 3 ಕಿಲೋ ಕಾಳು. ಮುದುಕರಿಗೆ, ತುಂಬು ಗರ್ಭಿಣಿಯರಿಗೆ, ದುಡಿಯುವ ಕೈಯೇ ಇಲ್ಲದ ಮನೆಗಳಿಗೆ ಕೆಲಸವಿಲ್ಲದೆಯೇ ಸಿಗುತ್ತದೆ.

ಮೊದಲ ವರ್ಷಗಳಲ್ಲಿ ಕೂಲಿ ತಡವಾಯಿತು. ಕಾಳಿನ ಮೂಟೆ ಎಣಿಸಿ ರೂಢಿಯಿದ್ದ ವ್ಯವಸ್ಥೆಗೆ ಸಾವಿರಾರು ಜನರ ಕೈಗೆ ನಗದು ಎಣಿಸಿ ಕೊಡುವುದು ಹೊಸದು. ಕೆಲಸ ಮುಗಿಯುವ ತನಕ ಕೂಲಿ ಹಿಡಿದಿಡುವ ಅಧಿಕಾರಿಗಳೂ ಇದ್ದರು. ಹಾಗಾಗಿ ಮೊದಲು ಕೂಲಿ, ಆಮೇಲೆ ಕಾಮಗಾರಿ ಎಂಬ ತತ್ವವನ್ನೇ ಯೋಜನೆಯಲ್ಲಿ ಸೇರಿಸಬೇಕಾಯಿತು. 2008ರಲ್ಲಿ ಕಾಳಿನ ಬೆಲೆ ಗಗನಕ್ಕೇರಿತು. 6 ಬಿರ್ ಅನ್ನು 8ಕ್ಕೆ ಏರಿಸಿದರೂ 3 ಕಿಲೋ ಬರಲಿಲ್ಲ. ನಗದೇ ಮೇಲು ಎಂಬ ತಜ್ಞರ ವಾದವನ್ನು ಬದಿಗೆ ತಳ್ಳಿ ಜನ ಕಾಳೇ ಕೊಡಿ ಎಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು.

2005ರಲ್ಲೇ ನಮ್ಮಲ್ಲೂ ಉದ್ಯೋಗ ಖಾತರಿ ಕಾಯ್ದೆ ಬಂತು, ಅಲ್ವಾ? 2006ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಅದು ಶುರುವಾದದ್ದು ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆಯಲ್ಲಿ. ಇದರ ಮೂಲವೂ ಬರ ಕಾಮಗಾರಿಯೇ. 1972ರ ಬರದ ಕಾಲದಲ್ಲಿ ಮಹಾರಾಷ್ಟ್ರದಲ್ಲಿ ಚಿಗುರಿದ ಯೋಜನೆಯಿಂದ ಬೆಳೆದದ್ದು. ಆದರೆ ಇಲ್ಲಿ ಕೆಲಸ ಕೇಳುವುದು ಕಾನೂನಿನ ಹಕ್ಕು, ದುಡ್ಡು ನಮ್ಮದೇ ಬೊಕ್ಕಸದ್ದು. ಅಲ್ಲಿ ಹಕ್ಕಿಲ್ಲ, ಕೋಟಾ. ದುಡ್ಡಿನ ದೊಡ್ಡ ಪಾಲು ಹೊರಗಿನದು. ಆ ವ್ಯತ್ಯಾಸ ಸಣ್ಣದಲ್ಲ.

ಹಾಗಂತ ಇಥಿಯೋಪಿಯಾದ ಯೋಜನೆ ಸೋತಿತು ಎನ್ನಲಾಗದು. 2011ರಲ್ಲಿ ಆಫ್ರಿಕಾದ ಕೊಂಬು ಎಂದು ಕರೆಯುವ ಖಂಡದ ಪೂರ್ವ ತುದಿಯ ಪ್ರದೇಶ ಒಣಗಿದಾಗ ಯೋಜನೆಯ ಮೀಸಲು ನಿಧಿ ಬಿಚ್ಚಿತು. ಇದ್ದ ಪಟ್ಟಿಯ 65 ಲಕ್ಷ ಜನಕ್ಕೆ ಮೂರು ತಿಂಗಳು ಹೆಚ್ಚು ಕೊಟ್ಟು, ಇನ್ನೂ 31 ಲಕ್ಷ ಜನರನ್ನು ಸೇರಿಸಿಕೊಂಡಿತು. ಹೊಸ ಮನವಿಗೆ ಕಾಯಬೇಕಾಗಲಿಲ್ಲ. ಯುದ್ಧದಲ್ಲಿ ಚೂರಾಗಿದ್ದ ಪಕ್ಕದ ಸೊಮಾಲಿಯಾದಲ್ಲಿ ಕ್ಷಾಮ ಘೋಷಣೆಯಾಗಿ ಎರಡೂವರೆ ಲಕ್ಷ ಜನ ಸತ್ತರು.

ಆದರೆ ಪಟ್ಟಿಯಿಂದ ಹೊರಬೀಳುವ ಕನಸು ನನಸಾಗಲಿಲ್ಲ. ಐದು ವರ್ಷದ ಯೋಜನೆ ಮತ್ತೆ ಮತ್ತೆ ಮುಂದುವರಿಯಿತು. ಒಡ್ಡು ಕಟ್ಟಿದರೆ ಮಣ್ಣು ನಿಲ್ಲುತ್ತದೆ, ನಿಜ. ಅರ್ಧ ಎಕರೆ ಹೊಲ ಎರಡು ಎಕರೆ ಆಗುವುದಿಲ್ಲ. 2015ರ ಎಲ್ ನಿನೊ ಬರದಲ್ಲಿ 1.02 ಕೋಟಿ ಜನಕ್ಕೆ ಪುನಃ ತುರ್ತು ನೆರವು ಕೇಳಬೇಕಾಯಿತು.

2020ರ ನವೆಂಬರ್‌ನಲ್ಲಿ ದೇಶದ ಉತ್ತರದ ಟಿಗ್ರಾಯ್ ಪ್ರಾಂತ್ಯದಲ್ಲಿ ಯುದ್ಧ ಶುರುವಾಯಿತು. 2023ರಲ್ಲಿ ಕಾಳು ಬೇರೆ ಕಡೆ ಸಾಗುತ್ತಿದೆ ಎಂದು ಅಮೆರಿಕದ ಯುಎಸ್‌ಏಡ್ ಸಂಸ್ಥೆ ಮತ್ತು ವಿಶ್ವ ಆಹಾರ ಕಾರ್ಯಕ್ರಮ ಆಹಾರ ನೆರವನ್ನು ತಿಂಗಳುಗಟ್ಟಲೆ ನಿಲ್ಲಿಸಿದವು. 2025ರ ಜುಲೈನಲ್ಲಿ ಯುಎಸ್‌ಏಡ್ ಸಂಸ್ಥೆಯೇ ಮುಚ್ಚಿತು. 2005ರಲ್ಲಿ ಹಲವು ವರ್ಷಗಳಿಗೆ ಮಾತು ಕೊಟ್ಟವರಲ್ಲಿ ಅದೂ ಒಂದಾಗಿತ್ತು.