ಸತ್ತ ಕುದುರೆ, ಕುಂಟು ಬಾತುಕೋಳಿ: ಸೋಲು ಹೇಳುವ ಇಂಗ್ಲಿಷ್ ನುಡಿಗಟ್ಟುಗಳು

ಕಲಬುರಗಿಯಲ್ಲಿ ನನ್ನ ಜೊತೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರು ಇಂಗ್ಲಿಷ್ ನುಡಿಗಟ್ಟುಗಳನ್ನು ಬಾಯಿಪಾಠ ಮಾಡುತ್ತಾರೆ. ಪಟ್ಟಿಯಲ್ಲಿ ನಾಲ್ಕೈದರ ಮುಂದೆ ಒಂದೇ ಅರ್ಥ ಬರೆದಿರುತ್ತದೆ: 'ವಿಫಲ'. ತೊಡಕು ಅಲ್ಲೇ ಇದೆ. ಸೋತದ್ದು ಯಾರು, ಯಾವ ಹಂತದಲ್ಲಿ ಎಂಬುದನ್ನು ಹಿಡಿಯದಿದ್ದರೆ ಕೊಟ್ಟ ನಾಲ್ಕೂ ಆಯ್ಕೆಗಳು ಸರಿಯೆನಿಸುತ್ತವೆ.

'ಫ್ಲಾಗಿಂಗ್ ಎ ಡೆಡ್ ಹಾರ್ಸ್' ಅಂದರೆ ಸತ್ತ ಕುದುರೆಗೆ ಚಾಟಿ ಬೀಸುವುದು. ನನಗೆ ಇದು ತಿಳಿದದ್ದು ನಮ್ಮ ತೊಗರಿ ಹೊಲದಲ್ಲಿ. ನೆಟೆ ರೋಗ ಹತ್ತಿದ ಗಿಡದ ಕಾಂಡವನ್ನು ಬುಡದ ಹತ್ತಿರ ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ನೀರು ಮೇಲೇರುವ ದಾರಿಯೇ ಕಟ್ಟಿರುತ್ತದೆ. ಅಂಥ ಗಿಡಕ್ಕೆ ನಮ್ಮ ಕಾಕಾ ಪಂಪು ಹೊತ್ತು ಎಣ್ಣೆ ಹೊಡೆಯುತ್ತಿದ್ದರು. ಬದುವಿನ ಮೇಲೆ ಕುಂತಿದ್ದ ಆಯಿ, "ಒಣಗಿದ್ದಕ್ಕ ಯಾಕ್ ಎಣ್ಣಿ ಹೊಡಿಲತ್ತಿ ತಮ್ಮಾ, ಬಿಡು ಇನ್ನ" ಅಂದಳು. ಆ ನುಡಿಗಟ್ಟಿನ ಅರ್ಥ ಇದೇ: ಕೆಲಸ ಕೆಟ್ಟು ಮುಗಿದಿದೆ, ದುಡಿಮೆ ಮಾತ್ರ ನಿಂತಿಲ್ಲ. ಇದಕ್ಕೆ 'ಕೋಣನ ಮುಂದೆ ಕಿನ್ನರಿ' ಎಂದು ಬರೆಯಬೇಡಿ. ಕೋಣ ಬದುಕಿದೆ, ಅದಕ್ಕೆ ಸಂಗೀತ ತಿಳಿಯದು ಅಷ್ಟೇ. ಅಮೆರಿಕದವರು 'ಫ್ಲಾಗಿಂಗ್' ಬದಲು 'ಬೀಟಿಂಗ್' ಅನ್ನುತ್ತಾರೆ, ಎರಡೂ ಸರಿ.

'ವೈಲ್ಡ್ ಗೂಸ್ ಚೇಸ್' ಬೇರೆ. ಇಲ್ಲಿ ಹುಡುಕಾಟ ಮೊದಲಿನಿಂದಲೇ ವ್ಯರ್ಥ. ಹಳೆಯ ಪ್ರಶ್ನೆಪತ್ರಿಕೆ ಸಿಗುತ್ತದೆಂದು ಯಾರೋ ಹೇಳಿದ ಮಾತು ನಂಬಿ ಬಿಸಿಲಲ್ಲಿ ಸೂಪರ್ ಮಾರ್ಕೆಟ್‌ನಿಂದ ಜಗತ್ ವೃತ್ತದವರೆಗೆ ಅಂಗಡಿ ಅಂಗಡಿ ಅಲೆದು ಬರಿಗೈಲಿ ಬಂದೆವಲ್ಲ, ಅದು. ನಮ್ಮ 'ಬೆಟ್ಟ ಅಗೆದು ಇಲಿ ಹಿಡಿದಂತೆ' ಇದಕ್ಕೆ ಹತ್ತಿರವೆನಿಸಿದರೂ ಅಲ್ಲಿ ಕೊನೆಗೆ ಇಲಿಯಾದರೂ ಸಿಗುತ್ತದೆ. ಕಾಡು ಹೆಬ್ಬಾತು ಕೈಗೆ ಸಿಗುವುದೇ ಇಲ್ಲ.

'ಲೇಮ್ ಡಕ್', ಕುಂಟು ಬಾತುಕೋಳಿ, ಹುಟ್ಟಿದ್ದು ಲಂಡನ್ನಿನ ಷೇರು ವ್ಯವಹಾರದಲ್ಲಿ. ಬಾಕಿ ತೀರಿಸಲಾಗದವನನ್ನು ಹಾಗೆ ಕರೆಯುತ್ತಿದ್ದರು; ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ 1761ರಲ್ಲಿ ಬರೆದ ಪತ್ರದಲ್ಲೇ ಈ ಮಾತಿದೆ. ಮುಂದೆ ಅಮೆರಿಕದ ರಾಜಕೀಯಕ್ಕೆ ಬಂತು: ಉತ್ತರಾಧಿಕಾರಿ ಆಯ್ಕೆಯಾದ ಮೇಲೂ ಕುರ್ಚಿಯಲ್ಲಿರುವ ಅಧ್ಯಕ್ಷ. ಈ ಅವಧಿ ಮಾರ್ಚ್ 4ರವರೆಗೆ ಎಳೆಯುತ್ತಿತ್ತು. 1933ರಲ್ಲಿ ಅಲ್ಲಿನ ಸಂವಿಧಾನದ 20ನೇ ತಿದ್ದುಪಡಿ ಅದನ್ನು ಜನವರಿ 20ಕ್ಕೆ ತಂದಿತು. ವರ್ಗಾವಣೆ ಆದೇಶ ಬಂದು ಇನ್ನೂ ಚಾರ್ಜ್ ಕೊಡದ ಅಧಿಕಾರಿಯನ್ನು ನೆನೆಸಿಕೊಳ್ಳಿ. ಸಹಿ ಅವರದೇ, ಆದರೆ ಜನ ಆಗಲೇ ಹೊಸ ಸಾಹೇಬರ ಹೆಸರು ಕೇಳುತ್ತಿರುತ್ತಾರೆ.

ಕ್ರಿಕೆಟ್ಟಿನ 'ಡಕ್' ಇದಲ್ಲ, ಗೊಂದಲ ಬೇಡ. ಅದು 'ಡಕ್ಸ್ ಎಗ್' ಎಂಬುದರ ಮೊಟಕು ರೂಪ. ಸೊನ್ನೆ ಬಾತುಕೋಳಿ ಮೊಟ್ಟೆಯಂತೆ ಕಾಣುತ್ತದೆ. ಆಸ್ಟ್ರೇಲಿಯಾದ ಬ್ರಾಡ್ಮನ್ 1948ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ತಮ್ಮ ಕೊನೆಯ ಟೆಸ್ಟಿನಲ್ಲಿ 'ಔಟ್ ಫಾರ್ ಎ ಡಕ್' ಆದರು. ಇನ್ನು 4 ರನ್ ಸಿಕ್ಕಿದ್ದರೆ ಸರಾಸರಿ 100 ಆಗುತ್ತಿತ್ತು, 99.94ಕ್ಕೆ ನಿಂತಿತು. ನಮ್ಮ ಪತ್ರಿಕೆಗಳ 'ಶೂನ್ಯ ಸುತ್ತಿದರು' ಇದಕ್ಕೆ ಸರಿಯಾದ ಜೋಡಿ.

'ವೈಟ್ ಎಲಿಫೆಂಟ್' ಕನ್ನಡಕ್ಕೆ 'ಬಿಳಿ ಆನೆ'ಯಾಗಿಯೇ ಬಂದಿದೆ, ವಿವರ ಬೇಕಿಲ್ಲ.

ಹೆಚ್ಚು ಜನ ಎಡವುವುದು 'ಗೋ ಟು ದ ಡಾಗ್ಸ್'ನಲ್ಲಿ. 'ನಾಯಿಪಾಡು' ಎಂದು ಅನುವಾದಿಸುತ್ತಾರೆ. ನಾಯಿಪಾಡು ಪಡುವುದು ಮನುಷ್ಯ, ಕಷ್ಟ ಅವನದು. ಇಂಗ್ಲಿಷಿನದು ಹೆಚ್ಚಾಗಿ ಊರು, ಸಂಸ್ಥೆ, ಹೋಟೆಲ್ಲಿನ ಬಗ್ಗೆ: ಮೊದಲು ಚೆನ್ನಾಗಿತ್ತು, ಈಗ ಹಾಳಾಗುತ್ತಿದೆ. 'ದ ಹೋಟೆಲ್ ಹ್ಯಾಸ್ ಗಾನ್ ಟು ದ ಡಾಗ್ಸ್'. 'ದ' ಬಿಡಬಾರದು, 'ಡಾಗ್' ಏಕವಚನ ಆಗಬಾರದು.