ಪಾಲಿಸಿದಾರರೇ ಪಾಲುದಾರರಾದಾಗ: ಸಾಗಾ ಷೇರಿನ ಏರಿಳಿತದ ಹಿನ್ನೆಲೆ

50 ದಾಟಿದವರಿಗೆ ಹಡಗು ಪ್ರವಾಸ, ವಿಮೆ ಮಾರುವ, ಲಂಡನ್ ಷೇರುಪೇಟೆಯಲ್ಲಿರುವ ಸಾಗಾ ಕಂಪನಿಯ ಬಗ್ಗೆ ಸಣ್ಣ ಹೂಡಿಕೆದಾರರು ವಾದಿಸುವುದನ್ನು ಕೇಳಿದರೆ, ಎಲ್ಲರೂ ಒಂದೇ ಕಂಪನಿಯ ಬಗ್ಗೆ ಮಾತನಾಡುತ್ತಿದ್ದಾರೆಯೇ ಎಂಬ ಅನುಮಾನ ಬರುತ್ತದೆ. ಒಬ್ಬರು ಹಡಗಿನ ಕೊಠಡಿಗಳೆಷ್ಟು ಭರ್ತಿಯಾದವು ಎಂದು ನೋಡುತ್ತಾರೆ. ಇನ್ನೊಬ್ಬರು ಕಾರು ವಿಮೆಯ ಕ್ಲೇಮುಗಳ ಖರ್ಚನ್ನು ಲೆಕ್ಕ ಹಾಕುತ್ತಾರೆ. ಮತ್ತೊಬ್ಬರಿಗೆ ಕಂಪನಿಯ ಸಾಲದ್ದೇ ಚಿಂತೆ. ಮೂವರ ಮಾತಿನಲ್ಲೂ ಹುರುಳಿದೆ. ಅದು ಹೇಗೆಂದು ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು.

1951ರಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ ಸಿಡ್ನಿ ಡಿ ಹಾನ್ ಒಂದು ಹೋಟೆಲು ಕೊಂಡರು. ಬೇಸಿಗೆ ಮುಗಿದರೆ ಕೋಣೆಗಳು ಖಾಲಿ ಬೀಳುತ್ತಿದ್ದವು. ನಿವೃತ್ತರಿಗಾದರೋ ಬೇಸಿಗೆಯೇ ಬೇಕೆಂದಿಲ್ಲ. ಅವರಿಗೆ ಕಡಿಮೆ ದರದಲ್ಲಿ ಪ್ರವಾಸ ಏರ್ಪಡಿಸುವ ಯೋಚನೆಯಿಂದ ಹುಟ್ಟಿದ್ದೇ ಸಾಗಾ. ಮುಂದೆ 50 ವರ್ಷ ದಾಟಿದವರಿಗೆಂದೇ ವಿಮೆಯೂ ಸೇರಿಕೊಂಡಿತು. 1978ರಲ್ಲಿ ಷೇರುಪೇಟೆಗೆ ಬಂದ ಕಂಪನಿಯನ್ನು 1990ರಲ್ಲಿ ಕುಟುಂಬವೇ ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. 2004ರಲ್ಲಿ ಅದು ಖಾಸಗಿ ಈಕ್ವಿಟಿ ಸಂಸ್ಥೆಯೊಂದರ (ಕಂಪನಿಗಳನ್ನು ಕೊಂಡು ಮುಂದೆ ಮಾರುವ ಹೂಡಿಕೆ ಸಂಸ್ಥೆ) ಬೆಂಬಲದಿಂದ 135 ಕೋಟಿ ಪೌಂಡಿಗೆ ಆಡಳಿತ ಮಂಡಳಿಯ ಪಾಲಾಯಿತು. 2007ರಲ್ಲಿ ವಾಹನ ನೆರವಿನ ಎಎ ಸಂಸ್ಥೆಯೊಂದಿಗೆ ಒಂದೇ ಸೂರಿನಡಿ ಬಂತು.

ಈಗಿನ ಗೋಜಲು ಶುರುವಾಗುವುದು 2014ರ ಮೇ ತಿಂಗಳಿನಿಂದ. ಆಗ ಸಾಗಾ ಮತ್ತೆ ಸಾರ್ವಜನಿಕರಿಗೆ ಷೇರು ಮಾರಿತು. ಈ ಬಾರಿ ಹಳೆಯ ಗ್ರಾಹಕರನ್ನೇ ಮುಂದಾಗಿ ಕರೆಯಿತು. ಕನಿಷ್ಠ 1,000 ಪೌಂಡ್ ಹಾಕಬೇಕು. ಕೊಂಡ ಷೇರನ್ನು ಒಂದು ವರ್ಷ ಇಟ್ಟುಕೊಂಡರೆ ಪ್ರತಿ 20ಕ್ಕೆ ಒಂದು ಉಚಿತ. ಲಕ್ಷಾಂತರ ಗ್ರಾಹಕರು ಆಸಕ್ತಿ ತೋರಿದರು. 185ರಿಂದ 245 ಪೆನ್ಸ್ (ನೂರು ಪೆನ್ಸ್ ಸೇರಿದರೆ ಒಂದು ಪೌಂಡ್) ಎಂದು ಪ್ರಕಟಿಸಿದ್ದ ಬೆಲೆಪಟ್ಟಿಯಲ್ಲಿ ಕೊನೆಗೆ ನಿಗದಿಯಾದದ್ದು ತೀರಾ ಕೆಳಗಿನ 185. 2022ರಲ್ಲಿ ನಮ್ಮ ಎಲ್‌ಐಸಿ ಪಾಲಿಸಿದಾರರಿಗೆ 60 ರೂಪಾಯಿ ರಿಯಾಯಿತಿ ಕೊಟ್ಟು ಷೇರು ಹಂಚಿದ್ದನ್ನು, 889 ರೂಪಾಯಿಗೆ ಕೊಂಡವರು ಮೊದಲ ದಿನವೇ 872ರ ಬೆಲೆ ಕಂಡದ್ದನ್ನು ನೆನೆದರೆ, ಈ ಬಗೆಯ ನಂಟು ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯುತ್ತದೆ. ವರ್ಷಗಳ ಕಾಲ ಪ್ರವಾಸ ಹೋಗಿಬಂದ, ಮನೆ–ಕಾರಿಗೆ ವಿಮೆ ಮಾಡಿಸಿದ ಜನ, ಗೊತ್ತಿರುವ ಅಂಗಡಿಯಲ್ಲಿ ಪಾಲು ಕೊಂಡಂತೆ ಆ ಷೇರು ಕೊಂಡರು. ಲೆಕ್ಕಪತ್ರ ಓದಿ ಕೊಂಡವರು ಎಷ್ಟು ಮಂದಿ ಇದ್ದಾರು?

ಓದಿದ್ದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತಿತ್ತು. ಹೆಸರು ಪ್ರವಾಸದ್ದು, ಲಾಭದ ಬಹುಪಾಲು ವಿಮೆಯದು. ಆ ವಿಮಾ ಲಾಭ ಹುಟ್ಟುತ್ತಿದ್ದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬ್ರಿಟನ್ನಿನಲ್ಲಿ ಕಾರು, ಮನೆಯ ವಿಮೆ ಕೊಳ್ಳುವವರು ದರ ಹೋಲಿಸುವ ಜಾಲತಾಣಗಳಲ್ಲಿ ಅಗ್ಗದ್ದನ್ನು ಆರಿಸುತ್ತಾರೆ. ಹಾಗಾಗಿ ಮೊದಲ ವರ್ಷದ ಕಂತಿನಲ್ಲಿ ವಿಮಾ ಕಂಪನಿಗಳಿಗೆ ಹೆಚ್ಚು ಗಿಟ್ಟುತ್ತಿರಲಿಲ್ಲ. ಎರಡನೇ ವರ್ಷ, ಮೂರನೇ ವರ್ಷ ನವೀಕರಣದ ಪತ್ರ ಬಂದಾಗ ಕಂತು ತುಸು ತುಸುವೇ ಏರುತ್ತಿತ್ತು. ಬೇರೆಡೆ ವಿಚಾರಿಸದೆ ಕಟ್ಟುತ್ತಿದ್ದವರಿಂದಲೇ ಲಾಭ. ಇದು ಆಗ ಇಡೀ ಉದ್ಯಮದ ರೂಢಿಯಾಗಿತ್ತು, ಸಾಗಾ ಒಂದರದ್ದಲ್ಲ. ಆದರೆ ಸಾಗಾದ ಗ್ರಾಹಕರು ವಯಸ್ಸಾದವರು, ನಂಬಿದ ಹೆಸರನ್ನು ಸುಲಭಕ್ಕೆ ಬಿಡದವರು. ಆ ನಂಬಿಕೆಯಿಂದಲೇ ಷೇರನ್ನೂ ಕೊಂಡಿದ್ದರು. ಎಷ್ಟೋ ಮನೆಗಳಲ್ಲಿ ವಿಮೆಯ ಕಂತಿನಲ್ಲಿ ಹೆಚ್ಚಾಗಿ ಹೋದ ಹಣದ ಒಂದು ಚೂರು ಲಾಭಾಂಶವಾಗಿ ಮರಳಿ ಬರುತ್ತಿತ್ತು. ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಅದು ಬಹಳ ಕಾಲ ನಡೆಯಲಿಲ್ಲ. ಜನ ನಿಧಾನವಾಗಿ ದರ ಹೋಲಿಸಲು ಕಲಿತರು. 2017ರ ಅಕ್ಟೋಬರಿನಲ್ಲಿ ಮೊನಾರ್ಕ್ ವಿಮಾನ ಸಂಸ್ಥೆ ಮುಳುಗಿದ್ದು ಪ್ರವಾಸ ವ್ಯವಹಾರಕ್ಕೂ ಪೆಟ್ಟು ಕೊಟ್ಟಿತು. ಡಿಸೆಂಬರಿನಲ್ಲಿ ಲಾಭ ಕುಗ್ಗಲಿದೆ ಎಂದು ಕಂಪನಿ ಎಚ್ಚರಿಸಿದಾಗ ಷೇರು ಒಂದೇ ದಿನ ಐದನೇ ಒಂದಕ್ಕಿಂತ ಹೆಚ್ಚು ಬಿತ್ತು. ನಿಜವಾದ ಆಘಾತ 2019ರ ಏಪ್ರಿಲ್ 4ರದ್ದು. ಲೆಕ್ಕಪುಸ್ತಕದಲ್ಲಿದ್ದ ಗುಡ್‌ವಿಲ್ (ವ್ಯವಹಾರದ ಹೆಸರು, ಗ್ರಾಹಕಬಲಕ್ಕೆ ಕಟ್ಟಿದ ಬೆಲೆ) ಮೌಲ್ಯದಲ್ಲಿ 31 ಕೋಟಿ ಪೌಂಡ್ ಕಳೆದು, 13.46 ಕೋಟಿ ಪೌಂಡ್ ನಷ್ಟ ತೋರಿಸಿ, ಲಾಭಾಂಶವನ್ನು ಅರ್ಧಕ್ಕಿಂತ ಕೆಳಗಿಳಿಸಿದ ಕಂಪನಿ, ಇನ್ನು ಮೂರು ವರ್ಷ ಕಂತು ಏರಿಸದ ಪಾಲಿಸಿ ಮಾರುತ್ತೇವೆ ಎಂದಿತು. ಗ್ರಾಹಕನಿಗೆ ನ್ಯಾಯವಾದ ನಿರ್ಧಾರವದು. ಅದೇ ಗ್ರಾಹಕನ ಕೈಯಲ್ಲಿದ್ದ ಷೇರು ಅಂದು ಶೇ 37ರಷ್ಟು ಕುಸಿಯಿತು.

ಬ್ರಿಟನ್ನಿನ ಹಣಕಾಸು ನಿಯಂತ್ರಣ ಸಂಸ್ಥೆ ಎಫ್‌ಸಿಎ 2020ರ ವರದಿಯಲ್ಲಿ ಇಡೀ ಉದ್ಯಮದ ಲೆಕ್ಕ ಕೊಟ್ಟಿತು: 60 ಲಕ್ಷ ಪಾಲಿಸಿದಾರರು ತಮ್ಮ ಅಪಾಯಕ್ಕೆ ತಕ್ಕ ಸರಾಸರಿ ದರ ಕಟ್ಟಿದ್ದರೆ ವರ್ಷಕ್ಕೆ 120 ಕೋಟಿ ಪೌಂಡ್ ಉಳಿಯುತ್ತಿತ್ತು. 2022ರ ಜನವರಿ 1ರಿಂದ ಹಳೆಯ ಗ್ರಾಹಕರಿಗೆ ಹೊಸಬರಿಗಿಂತ ಹೆಚ್ಚು ದರ ಹಾಕುವುದಕ್ಕೆ ನಿಷೇಧ ಬಂತು.

ಈ ನಡುವೆ ಕಂಪನಿ ಹಡಗುಗಳ ಮೇಲೆ ಭರವಸೆ ಇಟ್ಟಿತ್ತು. ತಲಾ 999 ಪ್ರಯಾಣಿಕರ ಎರಡು ಹೊಸ ಹಡಗುಗಳನ್ನು ಜರ್ಮನಿಯ ಕಾರ್ಖಾನೆಯಲ್ಲಿ ಸಾಲ ಮಾಡಿ ಕಟ್ಟಿಸಿತು. ಮೊದಲನೆಯದು 2019ರಲ್ಲಿ ಹೊರಟಿತು. ಎರಡನೆಯದು ಕೈಸೇರಿದ್ದು 2020ರ ಸೆಪ್ಟೆಂಬರಿನಲ್ಲಿ, ಕೋವಿಡ್‌ನಿಂದ ಪ್ರವಾಸಗಳೆಲ್ಲ ನಿಂತಿದ್ದಾಗ. ಅದು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2021ರ ಜುಲೈನಲ್ಲಿ.

ಆ ಸೆಪ್ಟೆಂಬರಿನಲ್ಲೇ ಸ್ಥಾಪಕರ ಮಗ ರೋಜರ್ ಡಿ ಹಾನ್ ಮರಳಿ ಬಂದರು. ಪೇಟೆಯ ಬೆಲೆಗಿಂತ ಬಹಳ ಮೇಲೆ, ಷೇರಿಗೆ 27 ಪೆನ್ಸ್ ಕೊಟ್ಟು ದೊಡ್ಡ ಪಾಲು ಕೊಂಡು ಅಧ್ಯಕ್ಷರಾದರು. ಒಟ್ಟು 15 ಕೋಟಿ ಪೌಂಡ್ ಸಂಗ್ರಹದ ಯೋಜನೆಯಲ್ಲಿ ಉಳಿದ ಷೇರುದಾರರಿಗೆ 12 ಪೆನ್ಸ್ ದರ. ಹಣ ಹೂಡಲಾಗದವರ ಪಾಲು ತೆಳುವಾಯಿತು. ಬಳಿಕ 15 ಷೇರುಗಳನ್ನು ಒಂದಾಗಿಸಲಾಯಿತು. ಹೀಗೆ ಮಾಡುವುದರಿಂದ ಯಾರ ಆಸ್ತಿಯೂ ಕಡಿಮೆಯಾಗುವುದಿಲ್ಲ, ಷೇರುಗಳ ಸಂಖ್ಯೆ ಇಳಿದು ಒಂದೊಂದರ ಬೆಲೆ ಅಷ್ಟೇ ಪಟ್ಟು ಏರುತ್ತದೆ. ಆದರೂ ಇವತ್ತಿನ ವಾದಗಳಲ್ಲಿ ಅರ್ಧ ಗೊಂದಲಕ್ಕೆ ಕಾರಣ ಇದೇ. ಹಳಬರು ಹಳೆಯ ಪೆನ್ಸಿನಲ್ಲಿ ಯೋಚಿಸುತ್ತಾರೆ, ಆಮೇಲೆ ಕೊಂಡವರು ಹೊಸದರಲ್ಲಿ.

ಹಡಗುಗಳು ತುಂಬತೊಡಗಿದವು, ಆದರೆ ಕಾರು ದುರಸ್ತಿಯ ಖರ್ಚು ಏರಿ ವಿಮೆ ಮತ್ತೆ ಸೊರಗಿತು. 2024ರ ಡಿಸೆಂಬರಿನಲ್ಲಿ ಕಾರು, ಮನೆಯ ವಿಮೆಯನ್ನು 20 ವರ್ಷಗಳ ಒಪ್ಪಂದದಡಿ ಏಜಿಯಾಸ್ ಎಂಬ ವಿಮಾ ಕಂಪನಿಗೆ ವಹಿಸುವುದಾಗಿಯೂ ವಿಮಾ ಹೊಣೆ ಹೊರುತ್ತಿದ್ದ ತನ್ನ ಘಟಕವನ್ನು ಅದಕ್ಕೇ ಮಾರುವುದಾಗಿಯೂ ಸಾಗಾ ಪ್ರಕಟಿಸಿತು. ಮರುತಿಂಗಳು ಹಳೆಯ ಸಾಲದ ಜಾಗಕ್ಕೆ ಹೊಸ ಸಾಲವನ್ನು ಗೊತ್ತುಮಾಡಿಕೊಂಡಿತು. ಆಮೇಲೆ ಷೇರು ಚೇತರಿಸಿಕೊಂಡಿತು. ತಗ್ಗಿನಲ್ಲಿ ಕೊಂಡವರಿಗೆ ಅದು ಒಳ್ಳೆಯ ಕಾಲ.

2014ರಲ್ಲಿ 2,775 ಪೌಂಡ್ ಹಾಕಿ 1,500 ಷೇರು ಕೊಂಡ ನಿವೃತ್ತರೊಬ್ಬರ ಬಳಿ, ಉಚಿತ ಷೇರು ಬಿಟ್ಟರೆ, ಈಗ ಇರುವುದು 100. ಲಾಭಾಂಶವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಹಾಕಿದ ಅಸಲು ಕೈಸೇರಲು ಒಂದೊಂದು ಷೇರಿನ ಬೆಲೆಯೂ 27 ಪೌಂಡ್ 75 ಪೆನ್ಸ್ ಆಗಬೇಕು. ನಡುವೆ ಒಂದು ಹಂತದಲ್ಲಿ ಅದು ಒಂದೂವರೆ ಪೌಂಡಿಗಿಂತ ಕೆಳಗಿತ್ತು.