ಟ್ಯಾಂಕಿನೊಳಗಿನ ಗಾಳಿಯ ಲೆಕ್ಕ

ಹತ್ತು ಸಾವಿರ ಲೀಟರ್ ಹಿಡಿಯುವ ಕಬ್ಬಿಣದ ಟ್ಯಾಂಕೊಂದನ್ನು ಖಾಲಿ ಮಾಡಿ, ಮ್ಯಾನ್‌ಹೋಲಿನ ಮುಚ್ಚಳ ಬಿಗಿದು, ಒಂದಿಡೀ ಮಳೆಗಾಲ ಹಾಗೇ ಬಿಟ್ಟಿದ್ದಾರೆ ಅಂದುಕೊಳ್ಳಿ. ಮಂಗಳೂರಿನ ಬೈಕಂಪಾಡಿ, ಪಣಂಬೂರು ಕಡೆ ಇಂಥ ಟ್ಯಾಂಕುಗಳಿಗೆ ಬರವಿಲ್ಲ. ಒಳಗೆ ಇರುವುದು ಕಬ್ಬಿಣ, ಒಂದಿಷ್ಟು ಪಸೆ, ಗಾಳಿ, ಅಷ್ಟೆ. ಗ್ಯಾಸಿಲ್ಲ, ಎಣ್ಣೆಯಿಲ್ಲ, ಕೆಟ್ಟ ವಾಸನೆಯೂ ಇಲ್ಲ. ಆದರೂ ಮುಚ್ಚಳ ತೆಗೆದವನು ನೇರ ಒಳಗಿಳಿದರೆ ಕುಸಿದು ಬೀಳಬಹುದು. ಕಾರಣ, ಅವನು ಕೆರೆದು ತೆಗೆಯಲು ಹೊರಟ ತುಕ್ಕೇ.

ಒಂದು ಕೆಜಿ ಕಬ್ಬಿಣ ಪೂರ್ತಿ ತುಕ್ಕಾಗಬೇಕಾದರೆ ಸುಮಾರು 430 ಗ್ರಾಂ ಆಮ್ಲಜನಕ ಬೇಕು. ಈ ಟ್ಯಾಂಕಿನ 10 ಘನ ಮೀಟರ್ ಗಾಳಿಯಲ್ಲಿ ಇರುವ ಒಟ್ಟು ಆಮ್ಲಜನಕವೇ ಹೆಚ್ಚೂಕಡಿಮೆ 2.7 ಕೆಜಿ. ಹಾಗಾಗಿ ಎರಡು ಕೆಜಿ ಕಬ್ಬಿಣ ತುಕ್ಕಾದರೆ ಸಾಕು, ಶೇ. 20.9 ಇದ್ದ ಆಮ್ಲಜನಕ ಶೇ. 16ರ ಹತ್ತಿರಕ್ಕೆ ಇಳಿಯುತ್ತದೆ. ಆ ಎರಡು ಕೆಜಿಯನ್ನು ಟ್ಯಾಂಕಿನ ಒಳಮೈಗೆಲ್ಲ ಹಂಚಿದರೆ ಪದರದ ದಪ್ಪ 10 ಮೈಕ್ರಾನ್ ಕೂಡ ಆಗದು. ತಲೆಗೂದಲು ಅದರ ಆರೇಳು ಪಟ್ಟು ದಪ್ಪ. ಶೇ. 19.5ಕ್ಕಿಂತ ಕಡಿಮೆ ಇದ್ದರೆ ಒಳಗೆ ಇಳಿಯುವಂತಿಲ್ಲ ಎಂಬುದು ಹಲವೆಡೆ ಪಾಲಿಸುವ ಮಿತಿ. ಶೇ. 16ಕ್ಕೆ ತಲೆ ಮಂಕಾಗುತ್ತದೆ, ಶೇ. 10ರ ಕೆಳಗೆ ಪ್ರಜ್ಞೆ ತಪ್ಪುತ್ತದೆ. ಇದರಲ್ಲಿ ಮೋಸದ ಸಂಗತಿ ಏನೆಂದರೆ, ಉಸಿರುಗಟ್ಟಿದ ಅನುಭವ ನಮಗೆ ಬರುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಇಲ್ಲಿ ಅದು ಉಸಿರಿನ ಜೊತೆ ಎಂದಿನಂತೆ ಹೊರಹೋಗುತ್ತಲೇ ಇರುತ್ತದೆ. ಏನೋ ಸರಿಯಿಲ್ಲ ಎಂದು ದೇಹ ಎಚ್ಚರಿಸುವ ಮೊದಲೇ ಕಾಲು ಸೋತಿರುತ್ತದೆ. ಬಿದ್ದವನನ್ನು ಎತ್ತಲು ಯೋಚಿಸದೆ ಧುಮುಕಿದವನದೂ ಅದೇ ಗತಿ.

ಗಟ್ಟಿ ಕಾಳನ್ನು ರಭಸದಿಂದ ಹೊಡೆದು ತುಕ್ಕು ಕೀಳುವುದಕ್ಕೆ ಬ್ಲಾಸ್ಟಿಂಗ್ ಎನ್ನುತ್ತಾರೆ. ಟ್ಯಾಂಕು, ಪೈಪುಗಳ ಒಳಗಿನ ಬ್ಲಾಸ್ಟಿಂಗ್ ಎಂದರೆ ಮರಳಿನ ಕೆಲಸ ಎಂದೇ ಹೆಚ್ಚಿನವರ ಎಣಿಕೆ. ನನ್ನನ್ನು ಕೇಳಿದರೆ ಅದು ಮುಕ್ಕಾಲು ಪಾಲು ಗಾಳಿಯ ಕೆಲಸ. ಗ್ರಿಟ್ಟನ್ನು, ಅಂದರೆ ಆ ಕಾಳನ್ನು, ಎಸೆಯುವುದು ಗಾಳಿ, ಧೂಳನ್ನು ಹೊರಗೆ ಒಯ್ಯಬೇಕಾದ್ದು ಗಾಳಿ, ಹೊಡೆಯುವವನ ಹೆಲ್ಮೆಟ್ಟಿನೊಳಗೆ ಉಸಿರಿಗೆ ಬೇಕಾದ್ದು ಗಾಳಿ, ಬ್ಲಾಸ್ಟ್ ಆದ ಉಕ್ಕು ಮತ್ತೆ ಕೆಂಪಾಗದಂತೆ ಒಣಗಿರಬೇಕಾದ್ದೂ ಗಾಳಿ. ಈ ನಾಲ್ಕೂ ಒಂದಕ್ಕೊಂದು ಬೆರೆಯಬಾರದು.

ಮರಳನ್ನು ರಭಸದಿಂದ ಎರಚಿ ಗಟ್ಟಿ ಮೈಯನ್ನು ಕೊರೆಯುವ ವಿಧಾನಕ್ಕೆ ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಪೇಟೆಂಟ್ ಪಡೆದದ್ದು 1870ರಲ್ಲಿ. ಮೂಲ ಉಪಾಯ ಇಂದಿಗೂ ಅದೇ. ಸುಮಾರು 7 ಬಾರ್ ಒತ್ತಡದ ಗಾಳಿ, ಅದಕ್ಕೆ ಸೇರುವ ಗ್ರಿಟ್, ದಪ್ಪ ರಬ್ಬರ್ ಹೋಸ್, ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಒಳಪದರದ ನಾಝಲ್. ನಡುವೆ ಕಿರಿದಾಗಿ ಮತ್ತೆ ಅಗಲವಾಗುವ ವೆಂಚುರಿ ನಾಝಲಿನಿಂದ ಹೊರಡುವ ಕಾಳು ಸೆಕೆಂಡಿಗೆ ನೂರು ಮೀಟರ್ ದಾಟುತ್ತದೆ. ವೇಗ ಎಷ್ಟು ಮುಖ್ಯ ಎನ್ನಲು ನಮ್ಮೂರಲ್ಲೇ ಒಂದು ಉದಾಹರಣೆ ಉಂಟು. ಕುದುರೆಮುಖದ ಅದಿರಿನ ಪುಡಿ ನೀರಿನಲ್ಲಿ ಕಲಸಿಕೊಂಡು ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬರುತ್ತಿತ್ತು. ಅದೂ ಗಟ್ಟಿ ಕಾಳೇ, ಅದೂ ಉಕ್ಕಿನ ಪೈಪೇ. ಆದರೆ ಇಂಥ ಸ್ಲರಿ ಪೈಪುಗಳಲ್ಲಿ ಹರಿವು ಸಾಮಾನ್ಯವಾಗಿ ಸೆಕೆಂಡಿಗೆ ಎರಡು ಮೀಟರಿನ ಆಸುಪಾಸು. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಐವತ್ತು ಪಟ್ಟು ವೇಗದ ಅದೇ ತೂಕದ ಕಾಳಿಗೆ ಎರಡೂವರೆ ಸಾವಿರ ಪಟ್ಟು ಶಕ್ತಿ. ಆ ಪೈಪು ವರ್ಷಗಟ್ಟಲೆ ಅದಿರು ಹೊತ್ತು ತಂದಿತು. ಬ್ಲಾಸ್ಟಿಂಗ್ ನಾಝಲಿನೆದುರು ತುಕ್ಕು ಕ್ಷಣಾರ್ಧದಲ್ಲಿ ಹಾರುತ್ತದೆ, ಕೈ ಅಡ್ಡ ಬಂದರೆ ಚರ್ಮವೂ. ಅದಕ್ಕೇ ನಾಝಲಿನ ಹಿಂದೆ ‘ಡೆಡ್‌ಮ್ಯಾನ್ ಹ್ಯಾಂಡಲ್’ ಇರುತ್ತದೆ, ಹಿಡಿತ ಬಿಟ್ಟರೆ ಹೊಡೆತ ನಿಲ್ಲುತ್ತದೆ. ಕೆಲಸ ಸುಲಭವಾಗಲೆಂದು ಅದನ್ನು ತಂತಿಯಲ್ಲಿ ಕಟ್ಟಿಡುವವರ ಧೈರ್ಯಕ್ಕೆ ನಾನಂತೂ ಕೈ ಮುಗಿದೆ.

ಒಂಬತ್ತೂವರೆ ಮಿಲಿಮೀಟರ್ ಬಾಯಿಯ ನಾಝಲೊಂದು ಈ ಒತ್ತಡದಲ್ಲಿ ನಿಮಿಷಕ್ಕೆ ಐದೂವರೆ ಘನ ಮೀಟರಿನಷ್ಟು ಗಾಳಿ ಉಗುಳುತ್ತದೆ. ನಮ್ಮ ಟ್ಯಾಂಕು ಎರಡೇ ನಿಮಿಷದಲ್ಲಿ ಹೊಸ ಗಾಳಿಯಿಂದ ತುಂಬಿತು. ಹಾಗಾದರೆ ಆಮ್ಲಜನಕದ ಚಿಂತೆ ಮುಗಿಯಿತಲ್ಲ? ಅದು ಮುಗಿಯಿತು, ಧೂಳಿನದು ಶುರುವಾಯಿತು. ಬಯಲಿನಲ್ಲಿ ಕಡಲ ಗಾಳಿ ಹೊತ್ತೊಯ್ಯುವ ಧೂಳು ಇಲ್ಲಿ ಗೋಡೆಗೆ ಬಡಿದು ಬ್ಲಾಸ್ಟರನ ಸುತ್ತಲೇ ಸುತ್ತುತ್ತದೆ. ನಿಮಿಷಾರ್ಧದಲ್ಲಿ ತನ್ನ ನಾಝಲ್ ತನಗೇ ಕಾಣದಷ್ಟು ಮಬ್ಬು. ಸದ್ದು 110 ಡೆಸಿಬೆಲ್ ಮೀರುವುದು ಮಾಮೂಲು, ಹಾಗಾಗಿ ಹೊರಗಿನವನ ಕೂಗೂ ಕೇಳದು.

ಹೊಡೆತ ನಿಲ್ಲಿಸಿದ ಮೇಲಿನ ಹೊತ್ತೇ ಹೆಚ್ಚು ಮೋಸದ್ದು. ನೂರು ಮೈಕ್ರಾನಿನ ಕಾಳು ಆಳೆತ್ತರದಿಂದ ಕೆಲವೇ ಸೆಕೆಂಡುಗಳಲ್ಲಿ ನೆಲ ಸೇರುತ್ತದೆ. ಎರಡು ಮೈಕ್ರಾನಿನ ಕಣ ನಿಶ್ಚಲ ಗಾಳಿಯಲ್ಲಿ ಇಳಿಯುವ ವೇಗ ಸೆಕೆಂಡಿಗೆ ಮಿಲಿಮೀಟರಿನ ಮೂರನೇ ಒಂದು ಭಾಗ. ಅದೇ ಎತ್ತರದಿಂದ ಇಳಿಯಲು ಅದಕ್ಕೆ ಒಂದೂವರೆ ಗಂಟೆ ಬೇಕು. “ಧೂಳು ಇಳಿಯಿತಲ್ಲ ಮಾರಾಯ್ರೆ, ಇನ್ನೆಂತ?” ಎಂದು ಹೆಲ್ಮೆಟ್ ತೆಗೆದವನಿಗೆ ಕಾಣುವುದು ತಿಳಿಯಾದ ಗಾಳಿ. ಕಾಣದ್ದು ಅವನ ಮೂಗಿನ ಮಟ್ಟದಲ್ಲೇ ತೇಲುತ್ತಿದೆ. ಶ್ವಾಸಕೋಶದ ತಳದ ಗಾಳಿಚೀಲಗಳವರೆಗೆ ಹೋಗಬಲ್ಲದ್ದು ಅದೇ ಗಾತ್ರದ ಕಣ. ಮುಖಕ್ಕೆ ಸುತ್ತಿದ ಬೈರಾಸಿನ ಎಳೆಗಳ ನಡುವಿನ ಸಂದು ಅದಕ್ಕೆ ಹೆಬ್ಬಾಗಿಲು.

ಆ ಕಣ ಮರಳಿನದಾಗಿದ್ದರೆ ಸಂಗತಿ ಬೇರೆಯೇ. ಮರಳಿನಲ್ಲಿ ಹೆಚ್ಚಿನ ಪಾಲು ಸ್ಫಟಿಕ ರೂಪದ ಸಿಲಿಕಾ. ಉಕ್ಕಿಗೆ ಬಡಿದು ಆಗಷ್ಟೇ ಒಡೆದ ಸಿಲಿಕಾದ ಹೊಸ ಮೈ ಹಳೆಯ ಧೂಳಿಗಿಂತ ಹೆಚ್ಚು ವಿಷಕಾರಿ. ಶ್ವಾಸಕೋಶದ ಕಾವಲು ಜೀವಕೋಶಗಳು ಅದನ್ನು ನುಂಗುತ್ತವೆ, ಜೀರ್ಣಿಸಲಾರದೆ ಸಾಯುತ್ತವೆ, ಕಣ ಮತ್ತೆ ಹೊರಬಿದ್ದು ಇನ್ನೊಂದು ಕೋಶದ ಪಾಲಾಗುತ್ತದೆ. ಪ್ರತಿ ಸುತ್ತಿನಲ್ಲೂ ಅಲ್ಲಿ ಒಂದಿಷ್ಟು ಗಾಯದ ಕಲೆ ಉಳಿಯುತ್ತದೆ. ಇದೇ ಸಿಲಿಕೋಸಿಸ್. ಕಲೆಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದು ಇಲ್ಲ. ಬ್ರಿಟನ್ 1949ರ ನಿಯಮಗಳಲ್ಲೇ ಎರಕದ ಸಾಮಾನುಗಳ ಬ್ಲಾಸ್ಟಿಂಗಿಗೆ ಮರಳನ್ನು ನಿಷೇಧಿಸಿತು. ಟರ್ಕಿಗೆ ಪಾಠವಾದದ್ದು ಟ್ಯಾಂಕಿನಿಂದಲ್ಲ, ಜೀನ್ಸ್‌ನಿಂದ. ಪ್ಯಾಂಟಿಗೆ ಮಾಸಿದ ಬಣ್ಣ ಬರಿಸಲು ಮುಚ್ಚಿದ ಸಣ್ಣ ಕೋಣೆಗಳಲ್ಲಿ ಮರಳು ಹೊಡೆಯುತ್ತಿದ್ದ ಹುಡುಗರಲ್ಲಿ ಸಿಲಿಕೋಸಿಸ್ ಕಂಡುಬಂದ ಮೇಲೆ ಅಲ್ಲಿ 2009ರಲ್ಲಿ ಆ ಕೆಲಸವನ್ನೇ ನಿಷೇಧಿಸಿದರು. ಮರಳಿನ ಬದಲಿಗೆ ನಮ್ಮಲ್ಲಿ ಈಗ ಕಾಪರ್ ಸ್ಲಾಗ್ (ತಾಮ್ರ ಕರಗಿಸಿದಾಗ ಉಳಿಯುವ ಕಿಟ್ಟ), ಗಾರ್ನೆಟ್ ಎಂಬ ಗಟ್ಟಿ ಖನಿಜ, ಸ್ಟೀಲ್ ಗ್ರಿಟ್ ಧಾರಾಳವಾಗಿ ಸಿಗುತ್ತವೆ. ಇಷ್ಟಿದ್ದೂ ಅಗ್ಗವೆಂದು ಹೊಳೆಯ ಮರಳು ತುಂಬುವುದಕ್ಕೆ ನನ್ನ ಮಟ್ಟಿಗೆ ಯಾವ ಸಮರ್ಥನೆಯೂ ಇಲ್ಲ. ಹಾಗೆಂದು ಸ್ಲಾಗ್ ಬಳಸಿದವನು ಹೆಲ್ಮೆಟ್ ಬಿಡುವಂತಿಲ್ಲ. ಹಳೆಯ ಬಣ್ಣದಲ್ಲಿ ಸೀಸವಿದ್ದರೆ ಪುಡಿಯಾಗಿ ಹಾರುವುದು ಅದೂ ಹೌದು.

ಹೆಲ್ಮೆಟ್ಟಿಗೆ ಹೊರಗಿನಿಂದ ಬೇರೆ ಹೋಸಿನಲ್ಲಿ ನಿಮಿಷಕ್ಕೆ ಕನಿಷ್ಠ 170 ಲೀಟರ್ ಗಾಳಿ ಬರಬೇಕು. ಒಳಗಿನ ಒತ್ತಡ ಸ್ವಲ್ಪ ಹೆಚ್ಚೇ ಇರುವುದರಿಂದ ಸಂದಿಯಲ್ಲಿ ಗಾಳಿ ಹೊರಗೆ ಸೋರುತ್ತದೆ, ಧೂಳು ಒಳಬರದು. ಆದರೆ ಆ ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಲು ಕಂಪ್ರೆಸರ್ ಇಟ್ಟ ಜಾಗಕ್ಕೇ ಹೋಗಬೇಕು. ಡೀಸೆಲ್ ಎಂಜಿನ್ನಿನ ಹೊಗೆಯ ಕಡೆಗೆ ಅದರ ಗಾಳಿ ಎಳೆಯುವ ಬಾಯಿ ಇದ್ದರೆ, ಟ್ಯಾಂಕಿನೊಳಗಿನವನು ಹೆಲ್ಮೆಟ್ ಹಾಕಿಕೊಂಡೇ ಕಾರ್ಬನ್ ಮೊನಾಕ್ಸೈಡ್ ಕುಡಿಯುತ್ತಾನೆ. ಉಸಿರಾಟದ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಹತ್ತು ಭಾಗ ಮೀರಬಾರದೆಂಬ ಮಿತಿ ಇರುವುದು ಇದಕ್ಕೇ.

ಇನ್ನು ಪಸೆ. ಬ್ಲಾಸ್ಟ್ ಆದ ಉಕ್ಕಿನ ಮೈ ಅದರ ಸುತ್ತಲಿನ ಗಾಳಿಯ ಇಬ್ಬನಿ ಬಿಂದುವಿಗಿಂತ (ಗಾಳಿಯ ಪಸೆ ಹನಿಗಟ್ಟಲು ತೊಡಗುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಬಿಸಿ ಇದ್ದರೆ ಮಾತ್ರ ಪೇಂಟ್ ಹಚ್ಚಬಹುದು, ಆರ್ದ್ರತೆ ಶೇ. 85 ಮೀರಬಾರದು. ಒಣ ಊರುಗಳಲ್ಲಿ ಇದು ಬರಿಯ ಕಾಗದದ ಮೇಲಿನ ಷರತ್ತು. ಮಂಗಳೂರಿನಲ್ಲಿ 30 ಡಿಗ್ರಿ ಬಿಸಿ, ಶೇ. 85 ಆರ್ದ್ರತೆ ಇರುವ ದಿನ ಇಬ್ಬನಿ ಬಿಂದು 27.2. ಉಕ್ಕು ಗಾಳಿಯಷ್ಟೇ ಬೆಚ್ಚಗಿದ್ದರೂ ಅಂತರ 2.8 ಡಿಗ್ರಿ, ಅಂದರೆ ಆಗಲೇ ಫೇಲು. ಜೂನ್ ಬಂದರೆ ಕೇಳುವುದೇ ಬೇಡ. ಬ್ಲಾಸ್ಟ್ ಮಾಡಿದ ಬೂದು ಮೈ ಊಟ ಮುಗಿಸಿ ಬರುವುದರೊಳಗೆ ಕೆಂಬಣ್ಣಕ್ಕೆ ತಿರುಗಬಹುದು. ತುಕ್ಕು ತಿಂದ ಸಣ್ಣ ಗುಂಡಿಗಳಲ್ಲಿ ಕಡಲಿನ ಉಪ್ಪು ಕೂತಿದ್ದರೆ ಇನ್ನೂ ಬೇಗ, ಏಕೆಂದರೆ ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಬ್ಲಾಸ್ಟಿಂಗಿಗೆ ಮೊದಲೇ ಸಿಹಿನೀರಿನಲ್ಲಿ ತೊಳೆಯುವುದು ಅದಕ್ಕೆ.

ಇಲ್ಲೊಂದು ತಮಾಷೆ ಇದೆ. ಇಷ್ಟು ಹೊತ್ತು ಶತ್ರುವಾಗಿದ್ದ ಮುಚ್ಚಿದ ಜಾಗ ಮಳೆಗಾಲದಲ್ಲಿ ಗೆಳೆಯನಾಗುತ್ತದೆ. ಆಕಾಶವನ್ನು ಒಣಗಿಸಲಾಗದು, ಟ್ಯಾಂಕನ್ನು ಒಣಗಿಸಬಹುದು. ಡಿಹ್ಯುಮಿಡಿಫೈಯರಿನಿಂದ ಒಣ ಗಾಳಿ ತಳ್ಳಿ ಆರ್ದ್ರತೆಯನ್ನು ಶೇ. 50ರ ಕೆಳಗೆ ಹಿಡಿದಿಟ್ಟರೆ ಬ್ಲಾಸ್ಟ್ ಆದ ಮೈ ದಿನಗಟ್ಟಲೆ ಬೂದಾಗಿಯೇ ಇರುತ್ತದೆ. ಮಲ್ಪೆಯ ಹಡಗುಕಟ್ಟೆಯಂಥ ಕಡೆ ಹಡಗಿನ ಹೊರಮೈಗೆ ಮಳೆ ಬಿಡುವು ಕೊಡಬೇಕು, ಹೊಟ್ಟೆಯೊಳಗಿನ ಬ್ಯಾಲಸ್ಟ್ ಟ್ಯಾಂಕಿಗೆ (ಸಮತೋಲಕ್ಕೆ ನೀರು ತುಂಬುವ ಟ್ಯಾಂಕಿಗೆ) ಯಂತ್ರ ಬಿಡುವು ಮಾಡಿಕೊಡಬಲ್ಲದು.

ಪೈಪಿನ ವಿಚಾರದಲ್ಲಿ ಮೊದಲ ಪ್ರಶ್ನೆ, ಒಳಗೆ ಮನುಷ್ಯ ಹೋಗಲೇಬೇಕೇ? ಸಣ್ಣ ಪೈಪಿಗೆ ಆ ಪ್ರಶ್ನೆಯೇ ಇಲ್ಲ. ನಾಝಲಿನ ಮುಂದೆ ಒಂದು ಗಟ್ಟಿ ಶಂಕು ಕೂರಿಸುತ್ತಾರೆ. ನೇರ ಬಂದ ಗ್ರಿಟ್ ಅದಕ್ಕೆ ಬಡಿದು ಕೊಡೆಯಂತೆ ಸುತ್ತಲೂ ಚಿಮ್ಮುತ್ತದೆ. ಎಂಟು ಇಂಚಿನಿಂದ ಮೂರಡಿಯವರೆಗಿನ ಪೈಪಿಗೆ ಚಕ್ರದ ಗಾಡಿಯ ಮೇಲೆ ತಿರುಗುವ ಎರಡು ನಾಝಲಿನ ತಲೆ. ಇದನ್ನು ಆಚೆ ತುದಿಯವರೆಗೆ ಕಳಿಸಿ, ಹೊಡೆತ ಶುರುಮಾಡಿ, ಹೋಸ್ ಹಿಡಿದು ಈಚೆಗೆ ಎಳೆಯುತ್ತಾರೆ. ಗ್ರಿಟ್ ರಬ್ಬರಿಗೆ ಉಜ್ಜಿ ಹುಟ್ಟುವ ಸ್ಥಿರ ವಿದ್ಯುತ್ತು ನೆಲ ಸೇರಲೆಂದು ಹೋಸಿನ ರಬ್ಬರಿಗೆ ಕಾರ್ಬನ್ ಬೆರೆಸಿರುತ್ತಾರೆ. ಪೈಪಿಗೂ ಅರ್ಥಿಂಗ್ ಬೇಕು.

ಆಳು ನಡೆಯುವಷ್ಟು ದೊಡ್ಡ ಪೈಪಿಗೆ ಟ್ಯಾಂಕಿನ ಎಲ್ಲ ಕಟ್ಟಳೆಗಳೂ ಅನ್ವಯಿಸುತ್ತವೆ. 1948ರ ಕಾರ್ಖಾನೆ ಕಾಯ್ದೆ ತನ್ನ 36ನೇ ಕಲಮಿನಲ್ಲಿ ಟ್ಯಾಂಕು, ಗುಂಡಿಗಳ ಸಾಲಿನಲ್ಲೇ ಪೈಪನ್ನೂ ಹೆಸರಿಸಿತ್ತು. ಅದರ ಪ್ರಕಾರ ಒಳಗಿನ ಗಾಳಿ ಸರಿಯಿದೆ ಎಂಬ ಲಿಖಿತ ಪ್ರಮಾಣಪತ್ರ ಇರಬೇಕಿತ್ತು, ಇಲ್ಲವೇ ಒಳಗೆ ಹೋಗುವವನಿಗೆ ಉಸಿರಾಟದ ಸಾಧನ ಮತ್ತು ಸೊಂಟದ ಬೆಲ್ಟಿಗೆ ಹಗ್ಗ ಇರಬೇಕಿತ್ತು, ಹಗ್ಗದ ತುದಿ ಹೊರಗಿನವನ ಕೈಯಲ್ಲಿರಬೇಕಿತ್ತು. ಕೈದೀಪದ ವೋಲ್ಟೇಜಿಗೆ 24ರ ಮಿತಿಯೂ ಆ ಕಾಯ್ದೆಗೇ ಸೇರಿತು.

ಸಣ್ಣ ಪೈಪಿನ ಕಷ್ಟ ಇನ್ನೊಂದು ಬಗೆಯದು. ಟ್ಯಾಂಕಿನಲ್ಲಿ ಬ್ಲಾಸ್ಟರ್ ತಾನು ಬಿಟ್ಟ ಜಾಗವನ್ನು ತಾನೇ ನೋಡಿ ಮತ್ತೆ ಹೊಡೆಯಬಲ್ಲ, ಇಲ್ಲಿ ಆ ಅವಕಾಶವಿಲ್ಲ. ಎಳೆಯುವ ವೇಗವೇ ಎಲ್ಲ. ಬೇಗ ಎಳೆದರೆ ತುಕ್ಕಿನ ಪಟ್ಟೆಗಳು ಉಳಿಯುತ್ತವೆ, ನಿಧಾನವಾದರೆ ಗ್ರಿಟ್ಟೂ ಗಾಳಿಯೂ ದಂಡ. ಹಾಗಾಗಿ ಅದೇ ಅಳತೆಯ, ಅದೇ ತುಕ್ಕಿನ ತುಂಡು ಪೈಪಿನ ಮೇಲೆ ಮೊದಲು ಪರೀಕ್ಷೆ ಮಾಡಿ, ಅದನ್ನು ಉದ್ದಕ್ಕೆ ಸೀಳಿ ನೋಡಿ, ನಿಮಿಷಕ್ಕೆ ಎಷ್ಟು ಎಳೆಯಬೇಕೆಂದು ಗೊತ್ತುಮಾಡಿಕೊಳ್ಳುತ್ತಾರೆ. ನಾಝಲ್ ಸವೆದು ಬಾಯಿ ಅಗಲವಾದರೆ ಒತ್ತಡ ಬೀಳುತ್ತದೆ, ಆಗ ಆ ಲೆಕ್ಕವನ್ನು ಮತ್ತೆ ಹಾಕಬೇಕು.